ದಾರಿ ಬದಲಾದ್ರೆ ತಮ್ಮನ ದಿನಾನೇ ಹಾಳು, ಇದು ಕಂಟ್ರೋಲ್ ಇಲ್ದಿರೋದಾ?

ಪ್ರಶ್ನೆ: ನನ್ ತಮ್ಮಂಗೆ 24 ವರ್ಷ, ಆಟಿಸಂ ಅಂತ ಯಾರೂ ಹೇಳಿಲ್ಲ ಆದ್ರೆ ಲಕ್ಷಣ ಸುಮಾರಿದೆ. ಆಫೀಸಿಗೆ ಒಂದೇ ದಾರಿ, ರಸ್ತೆ ಅಗೆದು ಬೇರೆ ಕಡೆ ಹೋಗ್ಬೇಕಾಯ್ತು ಅಂದ್ರೆ ಸಂಜೆವರ್ಗೂ ಒದ್ದಾಡ್ತಾನೆ, ಕೂತಲ್ಲೇ ಬೆರಳು ತಟ್ತಾ ಇರ್ತಾನೆ. ಕಾಗ್ನಿಟಿವ್ ಕಂಟ್ರೋಲ್, ಅಂದ್ರೆ ಯೋಚನೆ, ನಡವಳಿಕೆನ ಹಿಡಿತದಲ್ಲಿಡೋ ಶಕ್ತಿ, ಕಮ್ಮಿ ಇರೋದಕ್ಕೆ ಹಿಂಗೆ ಅಂತ ಓದ್ದೆ. ಪ್ರಾಕ್ಟೀಸ್ ಮಾಡ್ಸಿದ್ರೆ ನಿಲ್ಲುತ್ತಾ?

ಉತ್ತರ 1: ಕಾಗ್ನಿಟಿವ್ ಕಂಟ್ರೋಲ್ ಅನ್ನೋದು ಒಂದೇ ಶಕ್ತಿ ಅಲ್ಲ ಅಕ್ಕಾ. ಕೈ ತಡೆಯೋದು ಬೇರೆ, ಒಂದು ನಿಯಮದಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸೋದು ಬೇರೆ. ವಿಸ್ಕಾನ್ಸಿನ್ ಕಾರ್ಡ್ ಟೆಸ್ಟ್ ಅಂತಿದೆ, ಬಣ್ಣ ನೋಡಿ ಕಾರ್ಡ್ ಜೋಡಿಸ್ತಿರ್ತೀರಿ, ಹೇಳ್ದೇನೇ ನಿಯಮ ಆಕಾರಕ್ಕೆ ಬದಲಾಗುತ್ತೆ, ತಪ್ಪು ತಪ್ಪು ಅಂತಿದ್ರೂ ಹಳೇದನ್ನೇ ಹಿಡಿಯೋದು ಆಟಿಸಂ ಇರೋರಲ್ಲಿ ಸರಾಸರಿ ಜಾಸ್ತಿ ಕಂಡಿದೆ. ಆದ್ರೆ ಎಲ್ರಲ್ಲೂ ಅಲ್ಲ, ಟೆಸ್ಟ್ ಚೆನ್ನಾಗಿ ಮಾಡಿದೋರೂ ಮನೇಲಿ ಬದಲಾವಣೆಗೆ ಕಷ್ಟಪಡ್ತಾರೆ. ಹಾಗಾಗಿ ಕಾರಣ ಇಷ್ಟೇ ಅನ್ನಕ್ಕಾಗಲ್ಲ.

ಉತ್ತರ 2: ನಾನೇ ಆಟಿಸ್ಟಿಕ್. ಬೆರಳು ತಟ್ಟೋದನ್ನ ದಯವಿಟ್ಟು ನಿಲ್ಲಿಸ್ಬೇಡಿ, ಗಲಾಟೆ ಜಾಸ್ತಿಯಾದಾಗ ನನ್ನನ್ನ ಹಿಡಿದಿಡೋದೇ ಅದು, ತಡ್ಕೊಂಡು ಕೂತ್ರೆ ತಲೆ ಪೂರ್ತಿ ತಡೆಯೋದ್ರಲ್ಲೇ ಹೋಗುತ್ತೆ, ಎದುರಿಗಿರೋರು ಏನ್ ಹೇಳಿದ್ರು ಅಂತಾನೂ ಗೊತ್ತಾಗಲ್ಲ.

ಉತ್ತರ 3: 1943ರಲ್ಲೇ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೀತಾ ಈ 'ಎಲ್ಲಾ ಹಾಗೇ ಇರ್ಬೇಕು' ಅನ್ನೋ ಹಂಬಲ ಬರ್ದಿದ್ರು. ನಮ್ಮ ಮಗಳಿಗೆ ಹಿಂದಿನ ರಾತ್ರೀನೇ ಹೊಸ ದಾರಿ ಮ್ಯಾಪಲ್ಲಿ ತೋರಿಸ್ತೀವಿ, ತುಂಬಾ ಹಗುರಾಗುತ್ತೆ.

ಪ್ರಶ್ನೆ ಕೇಳಿದೋರು: ಮ್ಯಾಪ್ ಇವತ್ತೇ ತೋರಿಸ್ತೀನಿ. ಬೆರಳಿಗೆ ಎಷ್ಟೋ ಸಲ ಬೈದಿದ್ದೆ, ಅವ್ನ ಹತ್ರ ಸಾರಿ ಕೇಳ್ಬೇಕು.