ಬಿ.ಫಾರ್ಮ್ ಬ್ಯಾಚ್ ಗುಂಪಲ್ಲಿ ಸೋರಿಯಾಸಿಸ್ ಫಾರ್ವರ್ಡ್

*ಮಂಜುನಾಥ, ರಾತ್ರಿ 8:41*
(ಫಾರ್ವರ್ಡ್ ಆಗಿದ್ದು) ಸೋರಿಯಾಸಿಸ್ ರಕ್ತ ಕೆಟ್ಟು ಬರುವ ಚರ್ಮದ ಕಾಯಿಲೆ!! ಮೀನು ತಿಂದು ಹಾಲು ಕುಡಿದರೆ ಖಂಡಿತ ಬರುತ್ತದೆ. ಇಂಗ್ಲಿಷ್ ಔಷಧಿ ಇವತ್ತೇ ನಿಲ್ಲಿಸಿ. ಈ ಎಣ್ಣೆ, ಈ ಪುಡಿ 21 ದಿನ, ಬುಡಸಮೇತ ಮಾಯ. ಹತ್ತು ಜನಕ್ಕೆ ಕಳಿಸಿ 🙏

*ಸವಿತಾ, 8:50*
ಮಂಜು, ಓದಿ ಹಾಕಿದ್ಯಾ, ಓದದೇ ಹಾಕಿದ್ಯಾ?

*ಮಂಜುನಾಥ, 8:52*
ಓದೇ ಹಾಕ್ದೆ ಕಣೇ. ಸ್ವಲ್ಪ ಉಪ್ಪು ಖಾರ ಹಚ್ಚಿರಬಹುದು. ಎಣ್ಣೆ ಹಚ್ಕೊಂಡ್ರೆ ಯಾರಿಗೇನು ನಷ್ಟ?

*ಸವಿತಾ, 8:57*
ಎಣ್ಣೆ ಪಕ್ಕಕ್ಕಿಡು. "ಇವತ್ತೇ ನಿಲ್ಲಿಸಿ" ಅಂತಿದೆಯಲ್ಲ, ನನ್ನ ತಕರಾರು ಅದು. ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ ತಗೊಳ್ತಿರೋ ಸೋರಿಯಾಸಿಸ್ ರೋಗಿ ಗಕ್ಕನೆ ನಿಲ್ಲಿಸಿದ್ರೆ ಅಂಗೈಯಗಲ ಇದ್ದ ಮಚ್ಚೆ ಮೈಯೆಲ್ಲಾ ಕೆಂಪಾಗೋ ತನಕ ಹೋಗಬಹುದು. ಇಲ್ಲಾಂದ್ರೆ ಸಣ್ಣ ಸಣ್ಣ ಕೀವುಗುಳ್ಳೆ ಏಳುತ್ವೆ. ಆ ಕೀವಲ್ಲಿ ರೋಗಾಣು ಇರಲ್ಲ, ಆಂಟಿಬಯಾಟಿಕ್ ಕೊಟ್ಟು ಪ್ರಯೋಜನ ಇಲ್ಲ. ಚರ್ಮದಿಂದ ನೀರು, ಪ್ರೋಟೀನು, ಮೈಶಾಖ ಎಲ್ಲ ಸೋರಿಹೋಗ್ತಿರುತ್ತೆ, ಅಡ್ಮಿಟ್ ಮಾಡ್ಲೇಬೇಕು.

*ಬಸವರಾಜ, 9:03*
ಅದಕ್ಕ ಸೋರಿಯಾಸಿಸ್‌ಗೆ ಸ್ಟೆರಾಯ್ಡ್ ಗುಳಿಗಿ ಸಾಮಾನ್ಯವಾಗಿ ಬರಿಯಂಗಿಲ್ಲ. ಆದ್ರ ಲೇಬಲ್ ಇಲ್ಲದ ಪುಡಿಯೊಳಗ ಕೆಲವರು ಅದನ್ನ ಬೆರಸಿರ್ತಾರ. ಎಂಟು ದಿನದಾಗ ಮೈ ಲಕಲಕ ಅಂತೈತಿ, ಪುಡಿ ಮುಗೀತು ಅಂದ್ರ ಮೊದಲಿನಕಿಂತ ಎರಡಪಟ್ಟು. ನಿನ್ನ 21 ದಿನದ ಲೆಕ್ಕ ಎಲ್ಲಿಂದ ಬಂತು ಅನ್ನೂದು ಈಗ ತಿಳೀತೇನಪಾ?

*ಮಂಜುನಾಥ, 9:06*
ಸರಿ, ಆ ಸಾಲು ತಪ್ಪು. ಆದ್ರೆ ರಕ್ತ ಕೆಟ್ಟಿರೋದು ನಿಜ ತಾನೇ? ಒಳಗಿಂದ ಬರೋ ಕಾಯಿಲೆ ಅಂತ ನೀವೇ ಹೇಳ್ತೀರಿ.

*ಬಸವರಾಜ, 9:15*
ಒಳಗಿಂದ ಅನ್ನೂದು ಖರೆ, ರಕ್ತ ಕೆಟ್ಟೈತಿ ಅನ್ನೂದು ಸುಳ್ಳು. ರಕ್ಷಣಾ ವ್ಯವಸ್ಥೆಯ ಟಿ ಕಣಗಳು ವಿನಾಕಾರಣ ಎದ್ದು ಕುಂತು ಐಎಲ್-23, ಐಎಲ್-17, ಟಿಎನ್‌ಎಫ್ ಅನ್ನೂ ಸಂದೇಶ ಕಳಸ್ತಾವ. ಅದನ್ನ ಕೇಳಿ ಚರ್ಮದ ಕೋಶ ಅವಸರ ಮಾಡ್ತಾವ. ತಳದಿಂದ ಮೇಲೆ ಬಂದು ಉದುರಾಕ ಸುಮಾರು 28 ದಿನ ತಗೋಬೇಕಾಗಿದ್ದು 3ರಿಂದ 5 ದಿನದಾಗ ಬರ್ತಾವ. ಪೂರ್ತಿ ಮಾಗಿರಂಗಿಲ್ಲ, ಒಂದರ ಮ್ಯಾಲೊಂದು ಅಂಟಿಕೊಂಡು ಬೆಳ್ಳಿಬಣ್ಣದ ಹೊಟ್ಟಾಗ್ತಾವ. ರಕ್ತ ಶುದ್ಧಿ ಮಾಡೂ ಟಾನಿಕ್ ಇದರಾಗ ಎಲ್ಲಿ ಕೈ ಹಾಕ್ತೈತಿ? ಬೆಂಗಳೂರಿನ ಬಯೋಕಾನ್ ಕಂಪನಿ 2013ರಾಗ ಇಟೊಲಿಜುಮ್ಯಾಬ್ ಅನ್ನೂ ಸೋರಿಯಾಸಿಸ್ ಔಷಧಿ ತಂದಾಗೂ ಗುರಿ ಇಟ್ಟಿದ್ದು ಟಿ ಕಣದ ಮ್ಯಾಲಿನ ಸಿಡಿ6 ಅನ್ನೂ ಪ್ರೋಟೀನಿಗೆ.

*ಮಂಜುನಾಥ, 9:18*
ಹಾಗಾದ್ರೆ ಗಂಟಲು ನೋವು ಬಂದು ಹೋದ್ಮೇಲೆ ಮೈಮೇಲೆ ಏಳುತ್ತಲ್ಲ? ಅದು ಸೋಂಕಲ್ವಾ? ಹರಡಲ್ವಾ?

*ಸವಿತಾ, 9:26*
ಹರಡಲ್ಲ. ಮುಟ್ಟಿದ್ರೂ ಇಲ್ಲ, ಒಂದೇ ಟವೆಲ್ ಬಳಸಿದ್ರೂ ಇಲ್ಲ. ನೀನು ಹೇಳ್ತಿರೋದು ಗಟೇಟ್ ಸೋರಿಯಾಸಿಸ್. ಸ್ಟ್ರೆಪ್ಟೊಕಾಕಸ್ ಗಂಟಲು ಸೋಂಕಾಗಿ ಎರಡು ಮೂರು ವಾರಕ್ಕೆ ಬೆನ್ನು ಹೊಟ್ಟೆ ಮೇಲೆ ಹನಿ ಚಿಮುಕಿಸಿದ ಹಾಗೆ ಏಳುತ್ತೆ, ಹೆಚ್ಚಾಗಿ ಮಕ್ಕಳಿಗೆ, ಹರೆಯದವರಿಗೆ. ಗಂಟಲು ಸೋಂಕು ಊರಿಗೆಲ್ಲಾ ಬರುತ್ತೆ, ಸೋರಿಯಾಸಿಸ್ ಊರಿಗೆಲ್ಲಾ ಬರಲ್ಲ. ವಂಶದಲ್ಲಿ ಒಲವು ಇರಬೇಕು. ಎಚ್‌ಎಲ್‌ಎ-ಸಿ 06:02 ಅನ್ನೋ ಜೀನ್ ರೂಪ ಅದರಲ್ಲಿ ದೊಡ್ಡದು, ಆದ್ರೆ ಅದಿದ್ದವರಲ್ಲೂ ಬಹಳ ಜನಕ್ಕೆ ಏನೂ ಆಗಲ್ಲ. ಒಲವು ಕಾರಣ, ಗಂಟಲು ಸೋಂಕು ಬರೀ ಕೆರಳಿಸೋದು. ನಿನ್ನ ಫಾರ್ವರ್ಡು ಎರಡನ್ನೂ ಕಲಸಿ ಮೇಲೋಗರ ಮಾಡಿದೆ.

ಕೆರಳಿಸೋದ್ರಲ್ಲಿ ನಮ್ಮ ಕೌಂಟರ್ ಮೇಲಿನ ಔಷಧಿನೂ ಇವೆ: ಮನೋರೋಗಕ್ಕೆ ಕೊಡೋ ಲಿಥಿಯಂ, ಬಿಪಿಗೆ ಕೊಡೋ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್, ಮಲೇರಿಯಾದ ಕ್ಲೋರೋಕ್ವಿನ್. ಶುರು ಮಾಡಿ ತಿಂಗಳುಗಟ್ಟಲೆ ಆದ್ಮೇಲೂ ಕೆರಳಬಹುದು, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಹಾಗಂತ ಬಿಪಿ ಮಾತ್ರೆ ತಾವೇ ಬಿಡೋದಲ್ಲ, ಬರೆದ ಡಾಕ್ಟರಿಗೆ ಹೇಳಿ ಬದಲಾಯಿಸ್ಕೊಳ್ಳೋದು.

*ಪ್ರಕಾಶ (ಉಡುಪಿ), 9:34*
ಎಲ್ಲರೂ ಹೊಟ್ಟೆಗೆ ಹೋದದ್ದನ್ನೇ ಹೇಳ್ತೀರಿ. ಹೊರಗಿನ ಪೆಟ್ಟು ಎಂತಕ್ಕೆ ಬಿಟ್ಟದ್ದು ಮಾರಾಯ್ರೆ? ಗೀರಿದಲ್ಲಿ, ಸುಟ್ಟಲ್ಲಿ, ಹಚ್ಚೆ ಹಾಕಿಸಿದಲ್ಲಿ 10ರಿಂದ 20 ದಿನಕ್ಕೆ ಅದೇ ಗೆರೆಯಲ್ಲಿ ಹೊಸ ಮಚ್ಚೆ ಬರ್ತದೆ, ಕೆಬ್ನರ್ ಅಂತ ಓದಿದ್ದು ನೆನಪುಂಟಾ? ಸೀರೆ ಉಡುವವರ ಸೊಂಟ ನೋಡಿ. ಲಂಗದ ಲಾಡಿ ಬಿಗಿದು ಕಟ್ಟಿದ ಜಾಗದಲ್ಲೇ ಸುತ್ತ ಪಟ್ಟಿ ಹಾಗೆ ಇರ್ತದೆ. ಮುಲಾಮು ಎಷ್ಟು ಹಚ್ಚಿದರೂ ಲಾಡಿ ಅಲ್ಲೇ ಉಜ್ಜುತ್ತಾ ಇದ್ದರೆ ಹೋಗುವುದು ಹೇಗೆ? ಅಗಲ ಎಲಾಸ್ಟಿಕ್ ಇರುವ ಲಂಗ ಸಾಕು, ಅದಕ್ಕೆ ಚೀಟಿ ಬೇಡ. ಮೊಣಕೈ ಮೇಜಿಗೆ ಊರಿ ಕೂರುವವರಿಗೂ ಇದೇ ಮಾತು.

*ಸವಿತಾ, 9:38*
👏 ಹೊಟ್ಟು ಕೀಳೋದನ್ನೂ ಸೇರಿಸು. ಉಗುರಲ್ಲಿ ಎಬ್ಬಿಸಿದ್ರೆ ಅಡಿಯಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆ ಕಾಣುತ್ತೆ. ಅಲ್ಲಿಗೆ ಹೊಸ ಗಾಯ. ಹಂಡೆಯ ಕುದಿನೀರು, ಹೀರೆಕಾಯಿ ನಾರು, ಗಸಗಸ ಉಜ್ಜೋದು ಮೂರೂ ಬೇಡ. ಉಗುರುಬೆಚ್ಚಗಿನ ನೀರು, ಹತ್ತೇ ನಿಮಿಷ. ಟವೆಲಲ್ಲಿ ಒತ್ತಿ ಒರೆಸಿ ಮೈ ತೇವ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ. ಒಣಗಿದ್ಮೇಲೆ ಹಚ್ಚಿದ್ರೆ ಒಳಗೆ ಹಿಡಿದಿಡೋಕೆ ನೀರೇ ಉಳಿದಿರಲ್ಲ.

*ಮಂಜುನಾಥ, 9:41*
ಇಷ್ಟೆಲ್ಲ ಯಾರು ಕೇಳ್ತಾರೆ? ಜನ ಬರೋದೇ "ಆ ಟ್ಯೂಬ್ ಕೊಡಿ" ಅಂತ.

*ಬಸವರಾಜ, 9:49*
ನೀ ಕೊಡ್ತೀಯಲ್ಲ, ಅದ ಜಗಳ! ಇಂಥ ಸ್ಟೆರಾಯ್ಡ್ ಮುಲಾಮು ಚೀಟಿ ಇಲ್ಲದ ಮಾರಬಾರದು ಅಂತ 2018ರಾಗ ಮತ್ತ ಬಿಗಿ ಮಾಡ್ಯಾರ. ಅದರಾಗ ಭಾಳ ಕಡಕ್ ಇರೂ ಕ್ಲೊಬೆಟಾಸೋಲ್ ಒಂದೇ ಸಮನೆ ಎರಡು ವಾರ, ವಾರಕ್ಕ 50 ಗ್ರಾಂ, ಅದರಾಚೆ ಇಲ್ಲ. ಮುಖಕ್ಕ, ಕಂಕುಳಕ್ಕ, ತೊಡೆಸಂದಿಗೆ ಬ್ಯಾಡ. ಅಲ್ಲಿ ತೊಗಲು ತೆಳ್ಳಗ, ಇನ್ನಷ್ಟು ತೆಳುವಾಗಿ ಗೆರಿ ಬೀಳ್ತೈತಿ. ಅಳತಿ ಹಿಂಗ: ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ತನಕ ಹಿಂಡಿದ್ರ ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಗಲಕ್ಕ ಸಾಕು.

ಇನ್ನೊಂದು, ಅದು ಸೋರಿಯಾಸಿಸ್ ಹೌದೋ ಅಲ್ಲೋ? ಹುಳುಕಡ್ಡಿಗೆ ಇದನ್ನ ಹಚ್ಚಿದ್ರ ತುರಿಕಿ ನಿಂತ್ಹಂಗ ಆಗಿ ಒಳಗ ಹಬ್ಬತೈತಿ. ಅಂಚು ಕೆಂಪಾಗಿ ನಡು ತಿಳಿಯಾಗಿದ್ರ ಮೊದಲು ಕೆಒಎಚ್ ಪರೀಕ್ಷೆ, ಅಂದ್ರ ತೊಗಲಿನ ಹೊಟ್ಟು ಕೆರೆದು ಶಿಲೀಂಧ್ರ ಐತೇನು ನೋಡೂದು.

*ಪ್ರಕಾಶ (ಉಡುಪಿ), 9:53*
ಹೊಟ್ಟು ಸಡಿಲಿಸುವ ಸ್ಯಾಲಿಸಿಲಿಕ್ ಆ್ಯಸಿಡ್ ಮತ್ತು ವಿಟಮಿನ್ ಡಿ ತರಹದ ಮುಲಾಮು ಕ್ಯಾಲ್ಸಿಪೋಟ್ರಿಯಾಲ್ ಒಟ್ಟಿಗೆ ಹಚ್ಚಲಿಕ್ಕೆ ಹೇಳಬೇಡಿ. ಆ್ಯಸಿಡ್ ತಾಗಿದರೆ ಕ್ಯಾಲ್ಸಿಪೋಟ್ರಿಯಾಲ್ ಕೆಟ್ಟು ಹೋಗ್ತದೆ. ದುಬಾರಿ ಟ್ಯೂಬ್ ನೀರಲ್ಲಿ ಹೋಮ.

*ಸವಿತಾ, 9:58*
ಮಂಜು, ನಿನ್ನ ಅಂಗಡಿಯಲ್ಲಿ ಆಗಬಹುದಾದ ಅತಿ ದೊಡ್ಡ ಅನಾಹುತ ಮೆಥೋಟ್ರೆಕ್ಸೇಟ್, ತೀವ್ರ ಸೋರಿಯಾಸಿಸ್‌ಗೆ ಕೊಡೋ ಮಾತ್ರೆ. ವಾರಕ್ಕೆ ಒಂದೇ ದಿನ. "ಒಂದು ಮಾತ್ರೆ" ಅಂತ ಕೇಳಿಸ್ಕೊಂಡು ದಿನಾ ನುಂಗಿದ್ರೆ ಬಾಯಿ ಹುಣ್ಣಿಂದ ಶುರುವಾಗಿ ಬಿಳಿ ರಕ್ತಕಣ ಕುಸಿದು ಜೀವಕ್ಕೇ ಬರುತ್ತೆ. ಸ್ಟ್ರಿಪ್ ಮೇಲೆ ಪೆನ್ನಲ್ಲಿ "ಸೋಮವಾರ ಮಾತ್ರ" ಅಂತ ಕನ್ನಡದಲ್ಲಿ ಬರೆದು ಕೊಡು. ಫೋಲಿಕ್ ಆ್ಯಸಿಡ್ ಬೇರೆ ದಿನ, ಅದರ ಮೇಲೆ ಆ ದಿನದ ಹೆಸರು. ಮದ್ಯ ಕೂಡದು, ಬಸುರಿಯರಿಗೆ ಕೂಡದು.

*ಮಂಜುನಾಥ, 10:02*
ಬರೀತೀನಿ. ಎಣ್ಣೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ?

*ಬಸವರಾಜ, 10:07*
ದಂತಪಾಲ ಎಣ್ಣಿ ತಾನೇ? ಆ ಗಿಡದ ಎಲಿ ಹರಿದು ಕೊಬ್ಬರಿ ಎಣ್ಣಿಯೊಳಗ ಹಾಕಿ ಬಿಸಿಲಿಗಿಟ್ರ ನೇರಳೆ ಬಣ್ಣ ಬಿಡ್ತೈತಿ. ಹೊಟ್ಟು ಮೆತ್ತಗ ಮಾಡ್ತೈತಿ, ಹಚ್ಚಲಿ. ಬುಡಸಮೇತ ಕೀಳ್ತೈತಿ ಅನ್ನಬ್ಯಾಡ, ಗುಳಿಗಿ ಬಿಡಿಸಬ್ಯಾಡ. ನನ್ನ ತಕರಾರು ಎಣ್ಣಿ ಮ್ಯಾಲಲ್ಲ, ಪುಡಿ ಮ್ಯಾಲ.

*ಮಂಜುನಾಥ, 10:09*
ಮೀನು, ಹಾಲು?

*ಪ್ರಕಾಶ (ಉಡುಪಿ), 10:11*
ಬಂಗುಡೆ ಪುಳಿಮುಂಚಿ ಉಂಡು ಮೇಲೆ ಹಾಲು ಯಾರು ಕುಡಿತಾರೆ ಮಾರಾಯ 😂 ಮೀನಿಂದಲೇ ಬರುವುದಾದರೆ ನಮ್ಮ ಕರಾವಳಿಯಲ್ಲಿ ಮನೆಗೊಂದು ಚರ್ಮದ ಕ್ಲಿನಿಕ್ ಬೇಕಿತ್ತು.

*ಸವಿತಾ, 10:16*
ಮೀನನ್ನ ಬಿಡಿಸೋ ಬದಲು ಬೀಡಿ, ಮದ್ಯ ಬಿಡಿಸು. ತೂಕ ಹೆಚ್ಚಿದ್ದವರು ಇಳಿಸಿದ್ರೆ ಮಚ್ಚೆನೂ ತಗ್ಗುತ್ತೆ, ಔಷಧಿನೂ ಚೆನ್ನಾಗಿ ಹಿಡಿಯುತ್ತೆ. ಮತ್ತೆ ಕೌಂಟರಲ್ಲಿ ಒಂದು ಪ್ರಶ್ನೆ ಕೇಳು: ಬೆಳಿಗ್ಗೆ ಎದ್ದಾಗ ಕೀಲು ಅರ್ಧ ಗಂಟೆಗಿಂತ ಹೆಚ್ಚು ಬಿಗಿದಿರುತ್ತಾ? ಹೌದು ಅಂದ್ರೆ ಉಗುರು ನೋಡು, ಸೂಜಿಯಲ್ಲಿ ಚುಚ್ಚಿದಂಥ ಗುಳಿ ಇರಬಹುದು. ಇಡೀ ಬೆರಳು ಊದಿದ್ರಂತೂ ನೋವಿನ ಮಾತ್ರೆ ಕೊಟ್ಟು ಕಳಿಸಬೇಡ. ಸೋರಿಯಾಸಿಸ್ ಇರೋರಲ್ಲಿ ನೂರಕ್ಕೆ 30ರವರೆಗೆ ಕೀಲಿಗೂ ಬರುತ್ತೆ, ತಡ ಮಾಡಿದ್ರೆ ಸವೆದ ಕೀಲು ವಾಪಸ್ ಬರಲ್ಲ.

*ಮಂಜುನಾಥ, 10:20*
⊘ ನೀವು ಈ ಸಂದೇಶವನ್ನು ಅಳಿಸಿದ್ದೀರಿ ಅಂತ ಬಂತು. ಆಯ್ತಾ ಈಗ?

*ಸವಿತಾ, 10:21*
ಇಲ್ಲಿಂದ ಹೋಯ್ತು. "ಹತ್ತು ಜನಕ್ಕೆ ಕಳಿಸಿ" ಅಂತಿತ್ತಲ್ಲ, ಎಷ್ಟು ಗುಂಪಿಗೆ ಹಾಕಿದ್ದೆ?

*ಮಂಜುನಾಥ, 10:29*
ನಾಲ್ಕು. ಮೂರರಲ್ಲಿ ಅಳಿಸಿದೆ. ಬೀದಿಯವರ ಗುಂಪಲ್ಲಿ ಮೊನ್ನೆಯೇ ಹಾಕಿದ್ದು, ಈಗ ಎಲ್ಲರಿಗೂ ಅಳಿಸೋ ಆಯ್ಕೆ ಬರ್ತಿಲ್ಲ. ಅಲ್ಲಿ ಆಗಲೇ ಇಬ್ಬರು ಪುಡಿ ಎಲ್ಲಿ ಸಿಗುತ್ತೆ ಅಂತ ಕೇಳಿದಾರೆ.

*ಬಸವರಾಜ, 10:30*
ಅವರಿಬ್ಬರಿಗೆ ಈಗ ಫೋನ್ ಹಚ್ಚು. ಮೆಸೇಜ್ ಬ್ಯಾಡ.