ಕಾಲೇಜು, ಬಸ್ಸು, ವ್ಯಾಯಾಮ: ಫಿಸಿಯೋ ಮೇಡಂಗೆ ಕೇಳಿ

ಅಡ್ಮಿನ್: ಸಂಜೆ 6ರಿಂದ ಫಿಸಿಯೋಥೆರಪಿಸ್ಟ್ ಮೇಡಂ ನಮ್ಮ ಜೊತೆ ಇರ್ತಾರೆ. ಓದು, ಓಡಾಟದ ಮಧ್ಯೆ ವ್ಯಾಯಾಮ ಹೆಂಗೆ ಮಾಡೋದು ಅನ್ನೋರು ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ. ಸ್ಟಿಕ್ಕರ್ ಬೇಡ.

ಬಿಕಾಂ ಎರಡನೇ ವರ್ಷ: ನಮಸ್ತೆ ಮೇಡಂ. ನಮ್ಮೂರಿಂದ ಬೆಳಗ್ಗೆ 7ಕ್ಕೆ ಬಸ್ಸು, ವಾಪಸ್ ಬರೋದು 5:30. ಆಮೇಲೆ ಡೈರಿಗೆ ಹಾಲು ಹಾಕ್ಬೇಕು, ಅಡುಗೆಗೂ ಕೈ ಹಾಕ್ಬೇಕು. ಓಡೋಕೆ ಹೋದ್ರೆ ಊರೆಲ್ಲ ನಿಂತು ನೋಡುತ್ತೆ. ಮನೆಯೊಳಗೇ ಆಗೋ ಥರ ಹೇಳಿ.

ಫಿಸಿಯೋ ಮೇಡಂ: ನಮಸ್ತೆ. ಡಬ್ಲ್ಯುಎಚ್‌ಒ 2020ರ ಮಾರ್ಗಸೂಚಿ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು, ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸೋ ವ್ಯಾಯಾಮ. ಬಿಡಿಬಿಡಿಯಾಗಿ ಮಾಡಿದ್ರೂ ಲೆಕ್ಕಕ್ಕೆ ಬರುತ್ತೆ. ಮಾತಾಡೋಕಾಗುತ್ತೆ, ಹಾಡೋಕಾಗಲ್ಲ ಅನ್ನೋ ವೇಗದಲ್ಲಿ ಡೈರಿಗೆ ಹೋಗಿಬಂದ್ರೆ ಮೊದಲನೇದರಲ್ಲಿ ಅರ್ಧ ಅಲ್ಲೇ ಮುಗೀತು.
ನಿಮಗೆ ಕಡಿಮೆ ಇರೋದು ಎರಡನೇದು. ಬುಧವಾರ, ಭಾನುವಾರ 20 ನಿಮಿಷ ಸಾಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು 10. ಅಡುಗೆ ಕಟ್ಟೆಗೆ ಕೈಯಿಟ್ಟು ಪುಶಪ್ 8. ಕಾಲೇಜ್ ಬ್ಯಾಗಿಗೆ ಪುಸ್ತಕ ತುಂಬಿ, ಬೆನ್ನು ನೇರ ಇಟ್ಕೊಂಡು ಬಗ್ಗಿ, ಸೊಂಟದ ಹತ್ರಕ್ಕೆ ಎಳ್ಕೊಳ್ಳೋದು 10. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತೋದು 10. ಇದು ಒಂದು ಸುತ್ತು, ಇಂಥ ಮೂರು. ಇನ್ನೆರಡು ಎಳೀಬಹುದಿತ್ತು ಅನ್ನಿಸ್ದಾಗ ನಿಲ್ಸಿ. ಇಂಟರ್ನಲ್ಸ್ ಇದ್ದಾಗ ಒಂದೇ ಸುತ್ತು. ಯಾವ ರೊಟೀನ್ ಆರಿಸ್ಕೊಂಡ್ರೂ ಇಂಟರ್ನಲ್ಸ್ ವಾರದಲ್ಲಿ ನಡೆಯುತ್ತಾ ಅಂತ ಮೊದಲು ನೋಡಿ. ರಜೆಯ ಹುಮ್ಮಸ್ಸಿನಲ್ಲಿ ಬರೆದ ಟೈಮ್‌ಟೇಬಲ್ ಆಗಸ್ಟಿಗೆ ಉಳಿಯಲ್ಲ.

ಐರನ್ ಮಗಾ: ಮೇಡಂ ಹೊಟ್ಟೆ ಮಾತ್ರ ಕರಗ್ಬೇಕು, ಬೇರೆ ಎಲ್ಲಾ ಓಕೆ.

ಫಿಸಿಯೋ ಮೇಡಂ: ಒಂದೇ ಜಾಗದ ಕೊಬ್ಬನ್ನ ಆರಿಸಿ ಕರಗಿಸೋಕಾಗಲ್ಲ. ದಿನಕ್ಕೆ ನೂರು ಕ್ರಂಚಸ್ ಹೊಡೆದ್ರೆ ಹೊಟ್ಟೆ ಸ್ನಾಯು ಗಟ್ಟಿಯಾಗುತ್ತೆ, ಮೇಲಿನ ಪದರ ಅಲ್ಲೇ ಇರುತ್ತೆ.

ಲ್ಯಾಬ್ ಕೋಟ್: ಬೆಳಗ್ಗೆ ಒಳ್ಳೇದಾ ಸಂಜೆ ಒಳ್ಳೇದಾ?

ಫಿಸಿಯೋ ಮೇಡಂ: ನಿಮಗೆ ತಪ್ಪದೆ ಆಗೋ ಹೊತ್ತು.

ಪೊಲೀಸ್ ಆಕಾಂಕ್ಷಿ: ಮೇಡಂ, ಕಾನ್‌ಸ್ಟೇಬಲ್ ಫಿಸಿಕಲ್‌ಗೆ 1600 ಮೀಟರ್ 6 ನಿಮಿಷ 30 ಸೆಕೆಂಡಲ್ಲಿ ಓಡ್ಬೇಕು. ನಂದು 7:40 ಬರ್ತಿದೆ. ಡಿಗ್ರಿ ಕ್ಲಾಸ್ ಬೇರೆ ಇದೆ. ಏನ್ಮಾಡ್ಲಿ?

ನಿವೃತ್ತ ಮೇಷ್ಟ್ರು: 🙏 ರಾತ್ರಿ ನೆನೆಸಿದ ಜೀರಿಗೆ ನೀರಿಗೆ ನಿಂಬೆ, ಜೇನು ಬೆರೆಸಿ ಖಾಲಿ ಹೊಟ್ಟೆಯಲ್ಲಿ ಕುಡಿದರೆ 7 ದಿನದಲ್ಲಿ 5 ಕೆಜಿ ಇಳಿಯುತ್ತದೆ. ಯಾವ ವ್ಯಾಯಾಮವೂ ಬೇಡ. ಹತ್ತು ಜನಕ್ಕೆ ಕಳಿಸಿ.

ಫಿಸಿಯೋ ಮೇಡಂ: ಸರ್, ಜೀರಿಗೆ ನೀರು ಕುಡೀರಿ, ಬಾಯಿಗೆ ಚೆನ್ನಾಗಿರುತ್ತೆ. ವಾರದಲ್ಲಿ 5 ಕೆಜಿ ಇಳಿದ್ರೆ ಅದರಲ್ಲಿ ಹೆಚ್ಚಿನದು ನೀರು, ಇಲ್ಲಾ ಕಾಯಿಲೆ.

ರೂಮ್ ನಂಬರ್ 27: ಮೇಡಂ ಅರ್ಜೆಂಟ್ ಏನಲ್ಲ. ನನ್ನ ರೂಮ್‌ಮೇಟ್ ಶುಕ್ರವಾರ ಸೀನಿಯರ್ಸ್ ಜೊತೆ ಬೆಟ್ ಕಟ್ಟಿ 400 ಬಸ್ಕಿ ಹೊಡೆದ. ಸೆಮಿಸ್ಟರ್ ಶುರುವಾದಾಗಿಂದ ಏನೂ ಮಾಡಿರ್ಲಿಲ್ಲ, ಹಿಂದಿನ ವಾರ ಜ್ವರಾನೂ ಇತ್ತು. ಈಗ ತೊಡೆ ಊದಿ ಗಟ್ಟಿಯಾಗಿದೆ, ಗೋಡೆ ಹಿಡ್ಕೊಂಡು ಬಾತ್‌ರೂಮಿಗೆ ಹೋಗ್ತಾನೆ. ಪೇನ್‌ಕಿಲ್ಲರ್ ತಗೊಂಡಿದಾನೆ. ಹೊಸದಾಗಿ ಮಾಡಿದ್ರೆ ನೋವು ಕಾಮನ್ ಅಲ್ವಾ? ಎಷ್ಟು ದಿನ ರೆಸ್ಟ್ ಬೇಕು?

ಫಿಸಿಯೋ ಮೇಡಂ: ಮೂತ್ರದ ಬಣ್ಣ ಏನು? ಈಗಲೇ ಕೇಳಿ ಹೇಳಿ.

ಗರಡಿ ಹುಡುಗ: 400ಕ್ಕೆ ಇಷ್ಟೊಂದಾ? ನಮ್ಮ ಗರಡಿಲಿ ಉಸ್ತಾದ್ರು ಸಾವಿರ ಹೊಡಿಸ್ತಾರೆ ಗುರು. ಜಿಮ್ ಹುಡುಗರ ಹಣೆಬರಹ ಇದು.

ಐರನ್ ಮಗಾ: ಅವನು ಜಿಮ್ಮಿಗೆ ಹೋಗಿದ್ದಾನೆ ಅಂತ ಯಾರು ಹೇಳಿದ್ರು? ಬಸ್ಕಿ ನಿಮ್ಮ ಗರಡಿದೇ ಐಟಂ.

ಗರಡಿ ಹುಡುಗ: ದಸರಾಗೆ ಮೈಸೂರಿನ ದೊಡ್ಡಕೆರೆ ಮೈದಾನಕ್ಕೆ ಬಾ, ಕುಸ್ತಿ ನೋಡು. ಪೌಡರ್ ದೇಹ ಯಾವ್ದು, ಮಟ್ಟಿ (ಗರಡಿ ಮಣ್ಣು) ದೇಹ ಯಾವ್ದು ಗೊತ್ತಾಗುತ್ತೆ.

ರೂಮ್ ನಂಬರ್ 27: ಕೇಳ್ದೆ ಮೇಡಂ. ಕಾಫಿ ಡಿಕಾಕ್ಷನ್ ಥರ ಇದೆ ಅಂತೆ. ಬೆಳಗ್ಗೆಯಿಂದ ಒಂದೇ ಸಲ ಹೋಗಿರೋದು.

ಫಿಸಿಯೋ ಮೇಡಂ: ಹಾಗಾದ್ರೆ ಇದು ರೆಸ್ಟ್ ತಗೊಳ್ಳೋ ನೋವಲ್ಲ. ಈಗಲೇ ಆಟೋ ಕರೀರಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ವಾರ್ಡನ್‌ಗೆ ಹೇಳಿ, ಬೈದ್ರೆ ಬೈಸ್ಕೊಳ್ಳಿ. ನಾಳೆ ಬೆಳಗ್ಗೆ ಅಂತ ಕಾಯಬೇಡಿ.
ಕಾರಣ ಹೇಳ್ತೀನಿ, ಎಲ್ಲರೂ ಓದಿ. ಅಭ್ಯಾಸ ಇಲ್ಲದ ಸ್ನಾಯುವನ್ನ ಒಮ್ಮೆಲೇ ನೂರಾರು ಸಲ ಬಗ್ಗಿಸಿ ಏಳಿಸಿದ್ರೆ ಅದರ ಜೀವಕೋಶಗಳು ಒಡೆಯುತ್ತವೆ. ಒಳಗಿದ್ದ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತೆ, ಮೂತ್ರ ಕಪ್ಪಾಗೋದು ಅದರಿಂದ. ಇದಕ್ಕೆ ರಾಬ್ಡೋಮಯೊಲೈಸಿಸ್ ಅಂತಾರೆ. ಮೂತ್ರ ಕಡಿಮೆ ಆಗಿದ್ರೆ ಕಿಡ್ನಿಗೆ ಪೆಟ್ಟು ಬೀಳ್ತಿರಬಹುದು. ಒಡೆದ ಕೋಶಗಳಿಂದ ಪೊಟ್ಯಾಸಿಯಂ ಕೂಡ ಹೊರಗೆ ಬರುತ್ತೆ, ಅದು ಜಾಸ್ತಿಯಾದ್ರೆ ಹೃದಯದ ಬಡಿತ ಏರುಪೇರಾಗುತ್ತೆ. ಇತ್ತೀಚೆಗೆ ಜ್ವರ ಬಂದಿದ್ದು, ನೀರು ಕಡಿಮೆ ಕುಡಿದಿದ್ದು, ಸೆಖೆ, ಎಲ್ಲ ಅಪಾಯ ಜಾಸ್ತಿ ಮಾಡುತ್ತವೆ.
ಡ್ಯೂಟಿ ಡಾಕ್ಟರಿಗೆ ಬಸ್ಕಿ, ಜ್ವರ, ಮೂತ್ರದ ಬಣ್ಣ, ನುಂಗಿದ ಮಾತ್ರೆ ನಾಲ್ಕೂ ಹೇಳಿ. ಮಾತ್ರೆ ಶೀಟ್ ಜೊತೇಲಿ ಒಯ್ಯಿರಿ. ರಕ್ತದಲ್ಲಿ ಸಿಪಿಕೆ (ಸ್ನಾಯು ಒಡೆದಾಗ ಏರೋ ಕಿಣ್ವ), ಕ್ರಿಯಾಟಿನೈನ್ (ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ರೆ ಏರುತ್ತೆ), ಪೊಟ್ಯಾಸಿಯಂ ಪರೀಕ್ಷೆ ಮಾಡ್ತಾರೆ, ಡ್ರಿಪ್ ಬೇಕಾಗಬಹುದು. ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದ್ದು ಇನ್ನೊಂದು ನುಂಗೋದು ಬೇಡ, ಕಿಡ್ನಿಗೆ ಮತ್ತೆ ಹೊರೆ. ತೊಡೆ ತಿಕ್ಕೋದೂ ಬೇಡ. ಪಾದ ಜೋಮು ಹಿಡಿದಿದ್ರೆ ಅದನ್ನ ಎಲ್ಲಕ್ಕಿಂತ ಮೊದಲು ಹೇಳಿ.
ಮಾಮೂಲಿ ಮೈಕೈ ನೋವು ಒಂದರಿಂದ ಮೂರು ದಿನದ ಮಧ್ಯೆ ಜೋರಾಗಿ ಆಮೇಲೆ ಇಳಿಯುತ್ತೆ. ಅದರಲ್ಲಿ ಮೂತ್ರದ ಬಣ್ಣ ಬದಲಾಗಲ್ಲ.

ನಿವೃತ್ತ ಮೇಷ್ಟ್ರು: ಉಷ್ಣ ಆಗಿದೆ ಅಷ್ಟೆ. ಎರಡು ಎಳನೀರು, ಬಾರ್ಲಿ ಗಂಜಿ ಕೊಡಿ. ತೊಡೆಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ. ಮಕ್ಕಳನ್ನು ಹೆದರಿಸಬೇಡಿ.

ಫಿಸಿಯೋ ಮೇಡಂ: ಸರ್, ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬ ಇರುತ್ತೆ. ಪೊಟ್ಯಾಸಿಯಂ ಏರಿರಬಹುದಾದ ಹುಡುಗನಿಗೆ ಅದನ್ನೇ ಕುಡಿಸಿ ಅಂತಿದ್ದೀರಿ. ದಯವಿಟ್ಟು ಆ ಮೆಸೇಜ್ ಅಳಿಸಿ.

ನಿವೃತ್ತ ಮೇಷ್ಟ್ರು: ಐವತ್ತು ವರ್ಷದಿಂದ ಕುಡಿಯುತ್ತಿದ್ದೇನೆ, ನನಗೇನೂ ಆಗಿಲ್ಲ.

ಫಿಸಿಯೋ ಮೇಡಂ: ನೀವು ಶುಕ್ರವಾರ 400 ಬಸ್ಕಿ ಹೊಡೆದಿಲ್ಲ.

ಧಾರವಾಡ ಪೇಡಾ: ಮೇಷ್ಟ್ರ, ಅಳಿಸ್ರಿ ಸುಮ್ನ. ಹುಡುಗನ ಜೀವದ ಮುಂದ ನಿಮ್ಮ ಎಳನೀರು ಯಾಕ?

ನಿವೃತ್ತ ಮೇಷ್ಟ್ರು: ದೊಡ್ಡವರಿಗೆ ಮಾತಾಡೋ ರೀತಿಯೇ ಇದು?

ಗರಡಿ ಹುಡುಗ: ಮೇಡಂ ಹಾಗಾದ್ರೆ ಬಸ್ಕಿ ಕೆಟ್ಟದ್ದು ಅಂತೀರಾ?

ಫಿಸಿಯೋ ಮೇಡಂ: ಇಲ್ಲ. ಹೊಸ ಹುಡುಗನಿಗೆ ನಿಮ್ಮ ಉಸ್ತಾದ್ರು ಮೊದಲ ದಿನ ಎಷ್ಟು ಹೊಡಿಸಿದ್ರು?

ಗರಡಿ ಹುಡುಗ: 20. ಆಮೇಲೆ ಮಟ್ಟಿ ಅಗೆಯೋ ಕೆಲಸ ಕೊಟ್ರು.

ಫಿಸಿಯೋ ಮೇಡಂ: ಉಸ್ತಾದ್ರಿಗೆ ಗೊತ್ತಿದೆ.

ಐರನ್ ಮಗಾ: 😂😂

ಲಾಸ್ಟ್ ಬೆಂಚ್: ಮೆಟ್ಟಿಲು ಇಳಿಯುವಾಗ ಮಂಡಿ ಕಟ ಕಟ ಅನ್ನುತ್ತೆ. ಸ್ಕ್ವಾಟ್ ಮಾಡ್ಬಹುದಾ?

ಹಾಸ್ಟೆಲ್ ಮೆಸ್: ಪ್ರೋಟೀನ್ ಪೌಡರಿಗೆ ದುಡ್ಡಿಲ್ಲ. ಹಸಿ ಮೊಟ್ಟೆ ಒಡೆದು ಕುಡಿದ್ರೆ ಪವರ್ ಜಾಸ್ತಿ ಅಂತ ರೀಲ್ಸಲ್ಲಿ ನೋಡಿದೆ.

ಫಿಸಿಯೋ ಮೇಡಂ: ಬೇಯಿಸಿ ತಿನ್ನಿ. ಹಸಿಯದಕ್ಕಿಂತ ಬೆಂದ ಮೊಟ್ಟೆಯ ಪ್ರೋಟೀನೇ ಹೆಚ್ಚು ಜೀರ್ಣವಾಗುತ್ತೆ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಭಯವೂ ಇಲ್ಲ. ಒಂದು ಮೊಟ್ಟೆಲಿ ಸುಮಾರು 6 ಗ್ರಾಂ. ಮೆಸ್ಸಿನ ಸಾರಲ್ಲಿ ತಳದ ಬೇಳೆ ಹಾಕಿಸ್ಕೊಳ್ಳಿ. ಒಂದು ಹಿಡಿ ಕಡಲೆಕಾಯಿ ಬೀಜ, ಮೊಸರು. ಪೌಡರ್ ಇಲ್ಲದೆ ಯಾರೂ ಕೆಟ್ಟಿಲ್ಲ.

ಐರನ್ ಮಗಾ: ಪೌಡರ್ ತಗೊಂಡೂ ಯಾರೂ ಕೆಟ್ಟಿಲ್ಲ ಮೇಡಂ.

ಧಾರವಾಡ ಪೇಡಾ: ಕಿಸೆ ಕೆಟ್ಟೈತಿ.

ಸಿವಿಲ್ ಥರ್ಡ್ ಸೆಮ್: ಮೇಡಂ, ಬೆಳಗ್ಗೆ ಮಾಡಿದ್ರೆ ಒಳ್ಳೇದಾ ಸಂಜೆನಾ?

ಫಿಸಿಯೋ ಮೇಡಂ: ಮೇಲೆ ಓದಿ.

ರೂಮ್ ನಂಬರ್ 27: ಮೇಡಂ, ಅಡ್ಮಿಟ್ ಮಾಡ್ಕೊಂಡ್ರು. ಸಿಪಿಕೆ ಐದಂಕಿ ಬಂದಿದೆ, ನಾರ್ಮಲ್ 200ರ ಆಸುಪಾಸು ಅಂತೆ. ಕ್ರಿಯಾಟಿನೈನ್ ಸ್ವಲ್ಪ ಜಾಸ್ತಿ. ಎರಡನೇ ಬಾಟಲ್ ಡ್ರಿಪ್ ಹೋಗ್ತಿದೆ. ಬುಧವಾರ ಇಂಟರ್ನಲ್ಸ್ ಇದೆ, ಬಿಡ್ತಾರಾ?

ಫಿಸಿಯೋ ಮೇಡಂ: ಅದು ಡಾಕ್ಟರ್ ಹೇಳ್ಬೇಕು, ನಾನಲ್ಲ. ಮೂತ್ರ ಎಷ್ಟು ಹೋಗ್ತಿದೆ ಅಂತ ಅಳೆದು ಬರೆದಿಡಿ, ಕೇಳ್ತಾರೆ. ಪರೀಕ್ಷೆಗೆ ಡಿಸ್ಚಾರ್ಜ್ ಸಮ್ಮರಿ ತೋರಿಸಿ ಅರ್ಜಿ ಕೊಡಬಹುದು. ವ್ಯಾಯಾಮ ಮಾತ್ರ ಸಿಪಿಕೆ ಇಳಿದು ಡಾಕ್ಟರ್ ಒಪ್ಪೋವರೆಗೂ ಬಂದ್. ಆಮೇಲೂ ಮೊದಲು ನಡಿಗೆ, ಕುರ್ಚಿಯಿಂದ ಏಳೋದು ಅದಾದ ಮೇಲೆ. ಬೆಟ್ ಕಟ್ಟಿಸಿದ ಸೀನಿಯರ್ಸಿಗೆ ಈ ಚಾಟ್ ಕಳಿಸಿ.

ನಿವೃತ್ತ ಮೇಷ್ಟ್ರು: ಗುಣವಾಗಲಿ. ಆದರೆ ಡ್ರಿಪ್ ಹಾಕುವುದೂ ಆಸ್ಪತ್ರೆಯವರ ಬಿಸಿನೆಸ್ಸೇ. 🙏

ಲ್ಯಾಬ್ ಕೋಟ್: ಸರ್ ಸಾಕು ಸರ್.

ಅಡ್ಮಿನ್: ಮೇಷ್ಟ್ರೇ, ಎಳನೀರಿನ ಮೆಸೇಜ್ ನಾನೇ ಅಳಿಸಿದ್ದೀನಿ. ಬೇಜಾರಾದ್ರೆ ಪರ್ಸನಲ್ ಆಗಿ ಬೈಯ್ರಿ.

ಪೊಲೀಸ್ ಆಕಾಂಕ್ಷಿ: ಮೇಡಂ ನಂದು ಮೇಲೆ ಹೋಗ್ಬಿಡ್ತು. 1600 ಮೀಟರ್.

ಫಿಸಿಯೋ ಮೇಡಂ: 6:30 ಅಂದ್ರೆ 400 ಮೀಟರಿನ ಒಂದೊಂದು ಸುತ್ತಿಗೆ ಸುಮಾರು 97 ಸೆಕೆಂಡ್. ವಾರಕ್ಕೆ ಮೂರು ದಿನ ಓಡಿ. ಎರಡು ದಿನ ನಿಧಾನಕ್ಕೆ 25 ನಿಮಿಷ. ಒಂದು ದಿನ ಆ 97ರ ವೇಗದಲ್ಲಿ ನಾಲ್ಕು ಸುತ್ತು, ಪ್ರತಿ ಸುತ್ತಿನ ಮಧ್ಯೆ ಮೂರು ನಿಮಿಷ ನಡಿಗೆ. ಮೊದಲ ವಾರ ನಾಲ್ಕಾಗದಿದ್ರೆ ಎರಡೇ ಸಾಕು. ದಿನಾ ಪೂರ್ತಿ 1600 ಜೋರಾಗಿ ಓಡಿ ಟೈಮ್ ನೋಡ್ಬೇಡಿ, ಮೊಣಕಾಲ ಕೆಳಗಿನ ಮೂಳೆ ನೋವು ತಂದ್ಕೋತೀರಿ. ನಾನು ಹೊರಟೆ, ಬೆಳಗ್ಗೆ ಒಪಿಡಿ ಇದೆ.

ಲಾಸ್ಟ್ ಬೆಂಚ್: ಮೇಡಂ ಮಂಡಿ?

ಐರನ್ ಮಗಾ: ಹೋದ್ರು ಮಗಾ.