ಪದಚರ್ಚೆ: ‘ಸರ್ವರ್ ಡೌನ್’ ಸರಿ, ಕಾಗದಕ್ಕೆ ಏನಾಯಿತು?

ಪದಪ್ರಿಯರಿಗೆ ನಮಸ್ಕಾರ.

ಬಸವನಗುಡಿಯ ಒಂದು ಸಣ್ಣ ಪ್ರಕಾಶನ ಸಂಸ್ಥೆಯ ಮಿಂಚಂಚೆ (ಇಮೇಲ್) ವ್ಯವಸ್ಥೆಯನ್ನು ನೋಡಿಕೊಳ್ಳುವವನು ನಾನು. ಕಳೆದ ತಿಂಗಳು ಅಲ್ಲಿನ ಸರ್ವರ್ ಪದೇ ಪದೇ ನಿಂತು, ತಾನೇ ಎದ್ದು, ಮತ್ತೆ ನಿಂತು ಎಲ್ಲರನ್ನೂ ಗೋಳುಹೊಯ್ದುಕೊಂಡಿತು. ಈಗ ಸರಿಯಾಗಿದೆ. ಆದರೆ ಆಡಳಿತ ಮಂಡಳಿಗೆ ಕನ್ನಡದಲ್ಲಿಯೇ ವರದಿ ಕೊಡಬೇಕು. ಅಲ್ಲಿನ ಹಿರಿಯರು ಕೇಳುವುದು ಒಂದೇ ಮಾತು: ‘ನಾವು ಕಳುಹಿಸಿದ ಕಾಗದ ಹೋಯಿತೋ?’ ಇದಕ್ಕೆ ‘ಹೋಯಿತು’ ಎಂದು ಉತ್ತರಿಸಿದರೆ ತಲುಪಿತು ಎಂದೂ ಆಗುತ್ತದೆ, ಕಳೆದೇಹೋಯಿತು ಎಂದೂ ಆಗುತ್ತದೆ. ಯಂತ್ರಕ್ಕೆ ಏನಾಯಿತು ಎಂದು ಹೇಳುವ ಪದಗಳು ನನ್ನಲ್ಲಿ ಬೇಕಾದಷ್ಟಿವೆ, ಕಾಗದಕ್ಕೆ ಏನಾಯಿತು ಎಂದು ಹೇಳುವ ಪದಗಳು ಬೇಕಾಗಿವೆ.

ಸರ್ವರ್ ಎಂಬುದಕ್ಕೇ ಕನ್ನಡ ಹುಡುಕುವ ಆಸೆ ನನಗಿಲ್ಲ. ನೋಂದಣಿ ಕಚೇರಿಯಲ್ಲಿ, ಪಡಿತರ ಅಂಗಡಿಯಲ್ಲಿ ಜನ ಅದನ್ನು ಬೈದು ಬೈದು ತಮ್ಮದಾಗಿಸಿಕೊಂಡಿದ್ದಾರೆ. ವಿಭಕ್ತಿ ಹಚ್ಚುವಾಗ ಮಾತ್ರ ಎಚ್ಚರ ಬೇಕು. ನಮ್ಮ ಸೂಚನಾ ಫಲಕದಲ್ಲಿ ಯಾರೋ ‘ಸರ್ವರಲ್ಲಿ ದೋಷ ಕಂಡುಬಂದಿದೆ’ ಎಂದು ಬರೆದು ಅಂಟಿಸಿದ್ದರು. ಸಕಲರಲ್ಲೂ ದೋಷವಿರುವುದು ನಿಜವೇ ಇರಬಹುದು, ಆದರೆ ಅದು ಅಂದಿನ ಸುದ್ದಿಯಾಗಿರಲಿಲ್ಲ. ‘ಸರ್ವರ್‌ನಲ್ಲಿ’ ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ಕ್ರ್ಯಾಷ್ ಎಂಬುದಕ್ಕೆ ಪತ್ರಿಕೆಗಳು ‘ಕುಸಿತ’ ಎಂದು ಬರೆಯುತ್ತವೆ. ಬೆಂಗಳೂರಿನಲ್ಲಿ ಕುಸಿಯುವುದು ಕಟ್ಟಡ, ಇಲ್ಲವೇ ಷೇರುಪೇಟೆ. ಕುಸಿದ ಕಟ್ಟಡ ಐದು ನಿಮಿಷದಲ್ಲಿ ಎದ್ದು ನಿಲ್ಲುವುದಿಲ್ಲ. ‘ಪತನ’ ವಿಮಾನಕ್ಕೂ ವಿಕೆಟ್ಟಿಗೂ ಸರ್ಕಾರಕ್ಕೂ ಮೀಸಲಾಗಿದೆ. ‘ನೆಲಕಚ್ಚಿತು’ ಎಂದರೆ ಮಳೆಗಾಳಿಗೆ ಸಿಕ್ಕ ಪೈರು ಕಣ್ಣಮುಂದೆ ಬರುತ್ತದೆ. ‘ಕೈಕೊಟ್ಟಿತು’ ನನಗೆ ಬಹಳ ಇಷ್ಟವಾದ ಮಾತು, ಮಳೆಗೂ ನೆಂಟರಿಗೂ ಸಲ್ಲುತ್ತದೆ. ಆದರೆ ಅದರಲ್ಲಿ ದೂರು ಇದೆ, ವಿವರ ಇಲ್ಲ.

ನಮ್ಮಲ್ಲಿ ನಡೆದದ್ದು ಇವ್ಯಾವುದೂ ಅಲ್ಲ. ಯಂತ್ರ ಪೂರ್ತಿ ಸಮಯ ಎಚ್ಚರವಾಗಿಯೇ ಇತ್ತು. ಅದರೊಳಗೆ ಬರುವ ಪತ್ರಗಳಲ್ಲಿ ವೈರಸ್ ಇದೆಯೇ ಎಂದು ನೋಡುವ ತಂತ್ರಾಂಶವೊಂದಿದೆ. ಅದು ವೈರಸ್ ಗುರುತುಗಳ ಪಟ್ಟಿಯನ್ನು ಸದಾ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಹೊಸ ಪಟ್ಟಿ ಬಂದಾಗ ಹಳೆಯದನ್ನು ಬಿಡದೆ ಹೊಸದನ್ನೂ ತೆರೆಯುತ್ತದೆ. ಆಗ ಸ್ವಲ್ಪ ಹೊತ್ತು ಸುಮಾರು ಇಮ್ಮಡಿ ಮೆಮೊರಿ ಬೇಕು. ಅಷ್ಟು ಇಲ್ಲದಿದ್ದರೆ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್, ಯಾವ ಪ್ರಕ್ರಿಯೆ ಹೆಚ್ಚು ಮೆಮೊರಿ ಹಿಡಿದಿದೆ ಎಂದು ಅಂಕ ಹಾಕಿ ನೋಡಿ, ಮುಖ್ಯವಾಗಿ ಅದರ ಆಧಾರದ ಮೇಲೆ ಒಂದನ್ನು ಬಲಿ ಹಾಕುತ್ತದೆ. ನಮ್ಮಲ್ಲಿ ಬಲಿಯಾದದ್ದು ಈ ತಪಾಸಣೆ ತಂತ್ರಾಂಶವೇ.

ಇಲ್ಲಿ ಕನ್ನಡದ ಕ್ರಿಯಾಪದಗಳು ಇಂಗ್ಲಿಷಿಗಿಂತ ಹರಿತವಾಗಿವೆ. ತನ್ನೊಳಗಿನ ತಪ್ಪಿನಿಂದ ತಂತ್ರಾಂಶ ಕೆಟ್ಟರೆ ‘ನಿಂತಿತು’, ಕರ್ನಲ್ ಕೈಹಾಕಿದ್ದರೆ ‘ನಿಲ್ಲಿಸಿತು’. ಒಂದು ‘ಇಸು’ ಪ್ರತ್ಯಯ ಇಡೀ ತನಿಖೆಯ ದಿಕ್ಕನ್ನು ಬದಲಿಸುತ್ತದೆ: ನಿಂತಿದ್ದರೆ ತಂತ್ರಾಂಶದ ದೋಷ ಹುಡುಕಬೇಕು, ನಿಲ್ಲಿಸಿದ್ದರೆ ಮೆಮೊರಿಯನ್ನು ಯಾರು ತಿಂದರು ಎಂದು ನೋಡಬೇಕು. ಇಷ್ಟು ಸೊಗಸಾದ ಸೌಲಭ್ಯ ಇಟ್ಟುಕೊಂಡು ಎರಡಕ್ಕೂ ‘ಕ್ರ್ಯಾಷ್ ಆಯಿತು’ ಎಂದು ಬರೆಯುವುದು ನನಗೆ ಸೋಮಾರಿತನವಾಗಿ ಕಾಣುತ್ತದೆ. ವರದಿಯಲ್ಲಿ ‘ಕರ್ನಲ್ ಬಲವಂತವಾಗಿ ನಿಲ್ಲಿಸಿತು’ ಎಂದು ಬರೆದಿದ್ದೇನೆ. ಇಂಗ್ಲಿಷ್ ದಾಖಲೆಯಲ್ಲಿರುವಂತೆ ‘ಕೊಂದಿತು’ ಎಂದು ಬರೆದರೆ ಖಜಾಂಚಿಯವರು ಹೌಹಾರುತ್ತಾರೆ. ಅಂದಹಾಗೆ, ಈ ಸಂಗತಿ ತಿಳಿದದ್ದು, ಯಂತ್ರ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಲಾಗ್ ಕಡತದಿಂದ. ಅದಕ್ಕೆ ‘ದಿನಚರಿ’ ಎನ್ನೋಣವೇ? ಪೊಲೀಸರ ಠಾಣಾ ದಿನಚರಿಯಲ್ಲೂ ಹೀಗೆಯೇ ಗಂಟೆ ನಿಮಿಷ ಹಾಕಿ ಬರೆಯುತ್ತಾರೆ. ‘ದಾಖಲೆ’ ಎಂದರೆ ಏನು ಬೇಕಾದರೂ ಆಗಬಹುದು.

ಇನ್ನು ಕಾಗದದ ವಿಷಯ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ, ಸರ್ವರ್‌ಗಳು ಒಂದಕ್ಕೊಂದು ಮಿಂಚಂಚೆ ಒಪ್ಪಿಸುವಾಗ ಪಾಲಿಸುವ ಎಸ್‌ಎಂಟಿಪಿ ನಿಯಮಗಳು 2008ರಲ್ಲಿ ಮತ್ತೆ ಪರಿಷ್ಕಾರಗೊಂಡರೂ ಒಂದು ಕಟ್ಟಳೆ ಹಾಗೆಯೇ ಉಳಿದಿದೆ. ಪತ್ರ ಪಡೆದ ಸರ್ವರ್ 250 ಎಂಬ ಉತ್ತರ ಕೊಟ್ಟಿತೆಂದರೆ ಆ ಪತ್ರದ ಹೊಣೆ ಅದರದ್ದು. ಕೊಡುವ ಮುನ್ನವೇ ನಿಂತುಹೋದರೆ ಹೊಣೆ ಕಳುಹಿಸಿದವರ ಸರ್ವರ್‌ನಲ್ಲೇ ಉಳಿಯುತ್ತದೆ, ಅದು ಮತ್ತೆ ಪ್ರಯತ್ನಿಸುತ್ತದೆ. ಆದ್ದರಿಂದ ಸರ್ವರ್ ಬಿದ್ದ ಮಾತ್ರಕ್ಕೆ ಪತ್ರ ಕಳೆಯಬೇಕಾಗಿಲ್ಲ. ನಮ್ಮಲ್ಲಿ ಒಂದೂ ಕಳೆಯಲಿಲ್ಲ. 250ಕ್ಕೆ ‘ಸ್ವೀಕೃತಿ’ ಎಂಬ ಪದ ಚೆನ್ನಾಗಿ ಕೂರುತ್ತದೆ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬಾರದು ಎಂಬುದು ಈ ಊರಿನಲ್ಲಿ ಬಾಳಿದವರಿಗೆಲ್ಲ ಗೊತ್ತು.

ಉತ್ತರ 4ರಿಂದ ಆರಂಭವಾದರೆ ‘ಈಗ ಆಗದು, ಆಮೇಲೆ ಬಾ’. 5ರಿಂದ ಆರಂಭವಾದರೆ ‘ಆಗದು’. 452 ಎಂದರೆ ಇಡಲು ಜಾಗ ಸಾಲದು, 550 ಎಂದರೆ ಸಾಮಾನ್ಯವಾಗಿ ಆ ವಿಳಾಸದ ಪೆಟ್ಟಿಗೆಯೇ ಸಿಗುತ್ತಿಲ್ಲ. ಎರಡನ್ನೂ ‘ತಿರಸ್ಕೃತ’ ಎಂದು ಅನುವಾದಿಸಿರುವುದನ್ನು ಕಂಡಿದ್ದೇನೆ, ಅದು ತಪ್ಪು ಎಂದೇ ನನ್ನ ಅಭಿಪ್ರಾಯ. ಮೊದಲನೆಯದು ‘ಮುಂದೂಡಿಕೆ’. ‘ತಡೆಹಿಡಿಯಲಾಗಿದೆ’ ಎಂಬುದನ್ನೂ ಇಲ್ಲಿ ಬಳಸಬಾರದು. 1998ರಲ್ಲಿ ವೀಟ್ಸೆ ವೆನೆಮಾ ಹೊರತಂದ, ಮಿಂಚಂಚೆ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶವನ್ನೇ ನೋಡಿ. ಮುಂದೂಡಿದ ಪತ್ರಗಳಿಗೆ ಅಲ್ಲಿ ಒಂದು ಜಾಗ, ನಿರ್ವಾಹಕ ಬೇಕೆಂದೇ ಹಿಡಿದಿಟ್ಟ ಪತ್ರಗಳಿಗೆ ಬೇರೊಂದು ಜಾಗ. ಮೊದಲನೆಯವು ತಾವಾಗಿ ಮತ್ತೆ ಹೊರಡುತ್ತವೆ, ಎರಡನೆಯವು ಯಾರಾದರೂ ಬಿಡುವವರೆಗೆ ಕದಲುವುದಿಲ್ಲ. ವೇತನ ಬಡ್ತಿ ತಡೆಹಿಡಿಸಿಕೊಂಡ ನೌಕರರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಬೌನ್ಸ್ ಎಂಬುದಕ್ಕೆ ‘ಪುಟಿತ’ ಎಂದು ಒಬ್ಬರು ಸೂಚಿಸಿದರು. ಚೆಂಡು ಪುಟಿಯುತ್ತದೆ. ವಾಪಸು ಬರುವ ಮಿಂಚಂಚೆಯ ಮುಖ್ಯ ಗುಣವೆಂದರೆ ಅದು ಕಾರಣವನ್ನು ಹೊತ್ತು ತರುತ್ತದೆ. ಅರ್ಜಿಯನ್ನು ಒಪ್ಪದಿದ್ದಾಗ ಕಾರಣ ಬರೆದು ಕೊಡುವ ಉತ್ತರಕ್ಕೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ಹಿಂಬರಹ’ ಎನ್ನುತ್ತಾರೆ. ‘ಪತ್ರಕ್ಕೆ ಹಿಂಬರಹ ಬಂದಿದೆ’ ಎಂದು ಬರೆದರೆ, ಪತ್ರ ತಲುಪಿಲ್ಲ, ಏಕೆಂದು ಓದಿ ನೋಡಿ ಎಂಬ ಎರಡೂ ಅರ್ಥ ಒಟ್ಟಿಗೆ ಬರುತ್ತವೆ. ನಾನು ಇದನ್ನೇ ಬಳಸಿದ್ದೇನೆ. ಪೋಸ್ಟ್‌ಫಿಕ್ಸ್‌ನಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ ಮುಂದೂಡಿದ ಪತ್ರಕ್ಕೆ 5 ದಿನಗಳ ಗಡುವು, ಅದು ಮೀರಿದರೆ ಅದಕ್ಕೂ ಹಿಂಬರಹವೇ ಗತಿ. ತಲುಪಿಸುವುದಕ್ಕೆ ‘ಬಟವಾಡೆ’ ಇದ್ದೇ ಇದೆ. ಅಂಚೆಯವರು ಇಂದಿಗೂ ಬಳಸುವ ಪದವನ್ನು ಬಿಟ್ಟು ‘ವಿತರಣೆ’ ಎಂದೇಕೆ ಬರೆಯಬೇಕೋ ತಿಳಿಯದು.

ಕ್ಯೂ ವಿಷಯದಲ್ಲಿ ನನಗೆ ಅಷ್ಟು ಖಾತ್ರಿಯಿಲ್ಲ. ‘ಸರತಿ’ ಎಂದರೆ ಮೊದಲು ಬಂದವರಿಗೆ ಮೊದಲ ಸೇವೆ. ಮುಂದೂಡಿದ ಪತ್ರಗಳು ಹಾಗೆ ನಿಲ್ಲುವುದಿಲ್ಲ, ಪ್ರತಿ ಪತ್ರಕ್ಕೂ ಮತ್ತೆ ಹೊರಡುವ ಸಮಯ ಬೇರೆ ಬೇರೆ. ‘ಬಾಕಿ ಪತ್ರಗಳು’ ಎಂದರೆ ಸಾಕೇ? ಉತ್ತರ ಕರ್ನಾಟಕದವರು ‘ಪಾಳಿ’ ಎನ್ನುತ್ತಾರೆ, ಇಲ್ಲಿನ ಕಾರ್ಖಾನೆಗಳಲ್ಲಿ ಅದು ಕೆಲಸದ ಅವಧಿ. ಆ ಕಡೆಯವರು ಹೇಳಬೇಕು.

‘ಅಸ್ಥಿರ ಸರ್ವರ್’ ಎಂದರೆ ಬಹುಮತವಿಲ್ಲದ ಸರ್ಕಾರದ ನೆನಪಾಗುತ್ತದೆ. ನಮ್ಮ ಸ್ಥಿತಿ ಬೇರೆಯಾಗಿತ್ತು. ವೈರಸ್ ತಪಾಸಣೆ ನಿಂತಾಗ ಪತ್ರಗಳು ಬಾಕಿ ಬೀಳುತ್ತಿದ್ದವು, ಅದು ಎದ್ದ ಕೂಡಲೇ ಬಾಕಿಯೆಲ್ಲ ಒಮ್ಮೆಗೇ ಮೇಲೆ ಬಿದ್ದು ಮತ್ತೆ ಕೆಡವುತ್ತಿದ್ದವು. ಬೇಸಿಗೆಯಲ್ಲಿ ಪತ್ರಿಕೆಗಳು ‘ವಿದ್ಯುತ್ ಕಣ್ಣಾಮುಚ್ಚಾಲೆ’ ಎಂದು ಬರೆಯುತ್ತವಲ್ಲ, ಅದೇ ಸರಿಯಾದ ಪದ. ‘ಸರ್ವರ್‌ನ ಕಣ್ಣಾಮುಚ್ಚಾಲೆ’ ವರದಿಯ ಗಾಂಭೀರ್ಯಕ್ಕೆ ಕುಂದೇ? ನನಗೆ ಹಾಗನ್ನಿಸುವುದಿಲ್ಲ. ಮೆಮೊರಿ ಹೆಚ್ಚಿಸಿ, ಒಮ್ಮೆಗೆ ತಪಾಸಣೆಗೆ ಹೋಗುವ ಪತ್ರಗಳ ಸಂಖ್ಯೆಗೆ ಮಿತಿ ಹಾಕಿದ ಮೇಲೆ ಆಟ ನಿಂತಿತು.

ಕೊನೆಯದಾಗಿ, ನನಗೆ ಎಟುಕದ ಪದವೊಂದಿದೆ: ಐನೋಡ್. ಡಿಸ್ಕಿನಲ್ಲಿ ಒಂದೊಂದು ಕಡತದ ವಿವರ ಬರೆದಿಡುವ ನಮೂದು ಅದು. ಪ್ರತಿ ಪತ್ರವನ್ನು ಪ್ರತ್ಯೇಕ ಕಡತವಾಗಿ ಇಡುವ ವ್ಯವಸ್ಥೆಯಲ್ಲಿ ಪ್ರತಿ ಕಡತಕ್ಕೂ ಒಂದು ಐನೋಡ್ ಬೇಕು. ಇಎಕ್ಸ್‌ಟಿ4 ರೀತಿಯ ಕಡತ ವ್ಯವಸ್ಥೆಯಲ್ಲಿ ಅವುಗಳ ಸಂಖ್ಯೆ ಡಿಸ್ಕ್ ಸಿದ್ಧಪಡಿಸುವಾಗಲೇ ನಿಗದಿಯಾಗುತ್ತದೆ. ಪುಟ್ಟ ಪುಟ್ಟ ಪತ್ರಗಳು ಲಕ್ಷಗಟ್ಟಲೆ ಸೇರಿದರೆ ಡಿಸ್ಕಿನಲ್ಲಿ ಜಾಗ ಧಾರಾಳವಾಗಿದ್ದರೂ ‘ಜಾಗವಿಲ್ಲ’ ಎಂಬ ಸಂದೇಶ ಬರುತ್ತದೆ. ಹಳೆಯ ಪತ್ರಗಳ ರಾಶಿಯಿಂದ ನಾವೂ ಆ ಅಂಚಿಗೆ ಬಂದಿದ್ದೇವೆ, ವರದಿಯಲ್ಲಿ ಎಚ್ಚರಿಕೆ ಕೊಡಲೇಬೇಕು. ವಹಿಯಲ್ಲಿ ಹಾಳೆ ಉಳಿದಿದ್ದರೂ ಕ್ರಮಸಂಖ್ಯೆ ಮುಗಿದುಹೋದಂತೆ ಎಂದು ವಿವರಿಸಿ, ‘ಕಡತ ನಮೂದು’ ಎಂದು ಹೆಸರಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಬಲ್ಲವರು ಸೋಮವಾರದೊಳಗೆ ತಿಳಿಸಿದರೆ ಸೇರಿಸಿಕೊಳ್ಳುತ್ತೇನೆ.